ಅಂಚಿನಲ್ಲೊಂದು ಎಳೆ

ಉಸಿರು ಬಿಗಿಹಿಡಿದು ಅವಳು ಕಡ್ಡಿಯನ್ನು ಎಡದಿಂದ ಬಲಕ್ಕೆ ಒಂದೇ ಸಲ ಎಳೆದಳು. ಕಡ್ಡಿಯ ತುದಿಯ ಬಟ್ಟೆಗೆ ಎರಡೇ ಹನಿ ದ್ರವ ಬಿಟ್ಟಿದ್ದಳು. ಜಾಸ್ತಿಯಾದರೆ ಕಲೆ ಉಳಿಯುತ್ತದೆ, ಕಡಿಮೆಯಾದರೆ ಗೀರು ಬೀಳುವ ಭಯ. ಮೇಜಿನ ಮೇಲೆ ದೊಡ್ಡ ಕ್ಯಾಮೆರಾ ಬಾಯಿ ತೆರೆದುಕೊಂಡು ಮಲಗಿತ್ತು. ಬಿಚ್ಚಿದ ಲೆನ್ಸು ಪಕ್ಕದಲ್ಲಿ ತನ್ನ ಮುಚ್ಚಳದ ಮೇಲೆ ಕೂತಿತ್ತು. ಒಳಗೆ, ಎರಡು ಅಂಚೆಚೀಟಿಗಳನ್ನು ಪಕ್ಕಪಕ್ಕ ಇಟ್ಟಷ್ಟು ಅಗಲದ, ಚಿತ್ರ ಹಿಡಿಯುವ ಸೆನ್ಸರ್, ಕಿಟಕಿಯ ಬೆಳಕಿಗೆ ಒಮ್ಮೆ ಹಸಿರಾಗಿ ಒಮ್ಮೆ ನೇರಳೆಯಾಗಿ ಹೊಳೆಯುತ್ತಿತ್ತು.

ಪ್ರತಿ ಸೋಮವಾರದ ಕೆಲಸ ಇದು. ವಾರವಿಡೀ ಅತ್ತೆ ಆ ಕ್ಯಾಮೆರಾವನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಮಾತ್ರ ತಾವೇ ತಂದು ಸೊಸೆಯ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. "ತೆಗೆಯೋಕೆ ಅತ್ತೆ, ತೊಳೆಯೋಕೆ ಸೊಸೆ" ಎಂದು ಗಂಡ ನಗೆಯಾಡುತ್ತಿದ್ದ. ಅವಳಿಗೆ ಬೇಸರವೇನೂ ಇರಲಿಲ್ಲ. ಮದುವೆಗೆ ಮುಂಚೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡಿದವಳು. ಗಾಜು ಒರೆಸುವುದೆಂದರೆ ಅವಳ ಕೈಗೆ ತವರಿಗೆ ಹೋದಷ್ಟು ಸಲೀಸು.

ಭೂತಗನ್ನಡಿ ಹಿಡಿದು ಬಗ್ಗಿ ನೋಡಿದಳು. ಧೂಳೆಲ್ಲ ಹೋಗಿತ್ತು. ಆದರೆ ಕೆಳಗಿನ ಎಡಮೂಲೆಯಲ್ಲಿ, ತೀರಾ ಅಂಚಿಗೆ, ರೆಪ್ಪೆಗೂದಲಿನಂತೆ ಬಾಗಿದ ಒಂದು ಎಳೆ ಅಂಟಿಕೊಂಡೇ ಇತ್ತು. ಬಟ್ಟೆಯದ್ದೋ, ಕುಂಚದ್ದೋ. ರಬ್ಬರ್ ಬುರುಡೆ ಒತ್ತಿ ಗಾಳಿ ಊದಿದಳು. ಅಲ್ಲಾಡಲಿಲ್ಲ.

ಮತ್ತೆ ಕಡ್ಡಿ ಹಾಕುವ ಮುಂಚೆ ಅದೆಷ್ಟು ಕಾಣುತ್ತದೋ ನೋಡೋಣ ಎಂದು ಲೆನ್ಸು ಕೂರಿಸಿ, ಬೆಳಕು ಒಳಬಿಡುವ ಅದರ ಕಂಡಿಯನ್ನು ಸೂಜಿಮೊನೆಯಷ್ಟು ಕಿರಿದು ಮಾಡಿ, ಎದುರಿನ ಬಿಳಿ ಗೋಡೆಯ ಒಂದು ಫೋಟೊ ತೆಗೆದಳು. ಹಾಗೆ ತೆಗೆದರೆ ಸೆನ್ಸರ್ ಮೇಲಿನ ಸಣ್ಣ ಕಣವೂ ಚಿತ್ರದಲ್ಲಿ ಗೋಡೆಯ ಮೇಲೆ ಕಪ್ಪು ನೆರಳಾಗಿ ಬೀಳುತ್ತದೆ. ಪರದೆಯ ಮೇಲೆ ದೊಡ್ಡದು ಮಾಡಿ ಹುಡುಕಿದಳು. ಒಳಗೆ ಕೆಳಗಿದ್ದದ್ದು ಚಿತ್ರದಲ್ಲಿ ಮೇಲೆ ಬರುತ್ತದೆ ಎಂದು ಗೊತ್ತಿತ್ತು, ಮೇಲೆ ನೋಡಿದಳು. ಇಲ್ಲ. ಇರಲಿ ಎಂದು ನಾಲ್ಕೂ ಮೂಲೆ ನೋಡಿದಳು. ಗೋಡೆ ಹಾಲಿನಂತೆ ಇತ್ತು.

ಲೆನ್ಸು ಬಿಚ್ಚಿದಳು. ಎಳೆ ಇದ್ದಲ್ಲೇ ಇದೆ. ಇನ್ನೊಂದು ಫೋಟೊ ತೆಗೆದಳು. ಎಳೆ ಇಲ್ಲ.

"ಇದೇನಪ್ಪ, ಕಣ್ಣಾಮುಚ್ಚಾಲೆ" ಎಂದು ಅವಳು ಕ್ಯಾಮೆರಾವನ್ನೇ ಕೇಳಿದಳು.

"ಆಯ್ತೇನೇ?" ಒಳಕೋಣೆಯಿಂದ ಅತ್ತೆಯ ದನಿ ಬಂತು. "ಎಷ್ಟು ಹೊತ್ತು ತಿಕ್ತೀಯ? ಬಣ್ಣ ಬಿಟ್ಕೊಂಡೀತು!"

"ಒಂದು ಎಳೆ ಉಳ್ಕೊಂಡಿದೆ ಅತ್ತೆ."

"ಎಳೆ ಹಿಡಿದು ಕೂತ್ರೆ ಬೆಳಗಾದದ್ದು ಗೊತ್ತಾಗಲ್ಲ ನಿಂಗೆ. ಹುಟ್ಟು ಗುಣ."

ಅತ್ತೆ ಪರದೆ ಸರಿಸಿ ಹೊರಗೆ ಬಂದರು. ಬೀದಿಯವರ ಬಾಯಲ್ಲಿ ಅವರು 'ಸ್ಟುಡಿಯೋ ಅಮ್ಮ'. ಎತ್ತರದ ಹೆಂಗಸು, ಕತ್ತರಿಸಿದ ಬಿಳಿಕೂದಲು, ಜೇಬಿರುವ ಉದ್ದನೆಯ ಅಂಗಿ. ಗಿರಾಕಿಗಳ ಕುರ್ಚಿ ಎಳೆದು ಕೂತರು. ಕೂರುವ ರೀತಿಯಲ್ಲೇ ಏನೋ ಹೇಳಲಿಕ್ಕಿದೆ ಎಂದು ಅವಳಿಗೆ ಗೊತ್ತಾಯಿತು.

"ನಾಳೆ ಬೇಕರಿಯವಳು ಬರ್ತಾಳಲ್ಲ, ಅವಳದ್ದೊಂದು ತೆಗೀತೀನಿ. ಅಲ್ಲಿಗೆ ನನ್ನದು ಮುಗೀತು. ಆಮೇಲೆ ಒಳಗಿನ ಕೋಣೆ ನಿಂದು, ಈ ಕ್ಯಾಮೆರಾ ನಿಂದು."

ಅವಳ ಕೈಯ ಭೂತಗನ್ನಡಿ ಮೇಜಿಗೆ ತಾಗಿ ಟಕ್ ಎಂದಿತು.

"ಯಾಕೆ ಅತ್ತೆ ಹಾಗಂತೀರ?"

"ಮತ್ತೆ ಹೇಗನ್ನಲಿ? ನಾಳೆ ಕ್ಯಾಮೆರಾ ಅಂಗಡಿಯವನಿಗೂ ಬರೋಕೆ ಹೇಳಿದೀನಿ. ನಿನ್ನ ಸಣ್ಣ ಕ್ಯಾಮೆರಾ ಅವನಿಗೆ ಕೊಟ್ಟು, ಬದಲಿಗೆ ಒಳಕೋಣೆಗೆ ಒಂದು ಒಳ್ಳೆ ದೀಪ ಇಸ್ಕೋ. ಎರಡೆರಡು ಯಾಕೆ? ಆ ತುಂಡು ಕಣ್ಣು ಇಟ್ಕೊಂಡು ಇನ್ನೇನು ಮಾಡ್ತೀಯ."

ತುಂಡು ಕಣ್ಣು ಎಂದೇ ಅತ್ತೆ ಅದನ್ನು ಕರೆಯುತ್ತಿದ್ದದ್ದು. ಅದರ ಸೆನ್ಸರ್ ದೊಡ್ಡದರ ಅರ್ಧಕ್ಕಿಂತ ಚೂರು ಕಡಿಮೆ. ದೊಡ್ಡದು ಫುಲ್ ಫ್ರೇಮ್: ಮಾವನ ಕಾಲದ ಫಿಲ್ಮಿನ ಒಂದು ಚೌಕ ಎಷ್ಟಿತ್ತೋ ಅಷ್ಟೇ ಉದ್ದ, ಅಷ್ಟೇ ಅಗಲ. 'ಒಂದು ಕೂದಲೆಳೆಯಷ್ಟೂ ಕಡಿಮೆ ಇಲ್ಲಮ್ಮ' ಎಂದು ಅಂಗಡಿಯವನು ಮಾರುವಾಗ ಹೇಳಿದ ಮಾತನ್ನು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

"ನಿಮಗೇನಾಗಿದೆ ಈಗ? ಕಣ್ಣು ನಾನೇ ಪರೀಕ್ಷೆ ಮಾಡ್ಲಿಲ್ವಾ ಹೋದ ತಿಂಗಳು? ಕೊನೇ ಸಾಲಿನವರೆಗೂ ಓದಿದ್ರಿ. ಕೈಯೂ ನಡುಗಲ್ಲ."

"ಕಣ್ಣಲ್ಲ ಕಣೇ, ಕೈಯೂ ಅಲ್ಲ. ಅಳತೆ." ಅತ್ತೆ ತಮ್ಮ ಎದೆಯ ಮುಂದೆ ಗಾಳಿಯಲ್ಲಿ ಅಂಗೈ ಹಿಡಿದರು, ಅಲ್ಲೊಂದು ಮುಖವಿದ್ದಂತೆ. "ನನ್ನ ಅಳತೆ ತಪ್ಪಿಹೋಗಿದೆ. ಎಷ್ಟು ದೂರ ನಿಲ್ಬೇಕು ಅಂತ ಕಾಲಿಗೆ ಗೊತ್ತಿತ್ತು, ಈಗ ಗೊತ್ತಾಗ್ತಿಲ್ಲ. ಮೊದಮೊದಲು ಲೆನ್ಸಿಗೆ ವಯಸ್ಸಾಯ್ತು ಅಂದೆ, ಆಮೇಲೆ ಕೋಣೆ ಚಿಕ್ಕದಾಯ್ತು ಅಂದೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಎಷ್ಟು ದಿನ ಅಂತ ನೆಲದ ಮೇಲೆ ತಪ್ಪು ಹೊರಿಸ್ಲಿ?"

ಎದ್ದು, ಅವಳ ಹೆಗಲಿನ ಮೇಲಿದ್ದ ದಾರದ ಚೂರೊಂದನ್ನು ತೆಗೆದು ಬಿಸಾಕಿ, "ಮಧ್ಯಾಹ್ನ ದಂತವೈದ್ಯರ ಹತ್ತಿರ ಹೋಗ್ತೀನಿ. ನಿನ್ನ ಗಂಡನಿಗೆ ಊಟ ಬಡಿಸಿಬಿಡು" ಎಂದು ಒಳಗೆ ಹೋದರು.

ಮದುವೆಯಾಗಿ ಬಂದ ವರ್ಷದಿಂದ ಅವಳು ಬಯಸಿದ್ದು ಒಳಗಿನ ಕೋಣೆಯನ್ನು. ಹೊರಗಿನದು ಬೀದಿಗೆ ತೆರೆದ ಕೋಣೆ. ಗುರುತಿನ ಚೀಟಿಯ ಫೋಟೊ, ಅರ್ಜಿಗೆ ಹಚ್ಚುವ ಫೋಟೊ, ಅಂಗಡಿಯವರು ಮಾರುವ ಅಂಗಿಗುಂಡಿ, ಬೀಗ, ಬಳೆಗಳ ಫೋಟೊ. ಅದನ್ನೆಲ್ಲ ಅವಳು ಸಣ್ಣ ಕ್ಯಾಮೆರಾದಲ್ಲಿ ಚೆನ್ನಾಗಿಯೇ ತೆಗೆಯುತ್ತಿದ್ದಳು. ಒಂದು ತಟ್ಟೆ ಗುಂಡಿಗಳನ್ನು ಇಟ್ಟರೆ ಮುಂದಿನ ಗುಂಡಿಯಿಂದ ಹಿಂದಿನ ಗುಂಡಿಯವರೆಗೆ ಎಲ್ಲವೂ ನಿಚ್ಚಳ. ಆದರೆ ಗುಂಡಿಗಳು ಮಾತಾಡುವುದಿಲ್ಲ. ಅರ್ಜಿಗೆ ಫೋಟೊ ತೆಗೆಸುವವರೂ ಮಾತಾಡುವುದಿಲ್ಲ.

ಒಳಗಿನ ಕೋಣೆಯಲ್ಲಿ ಹಾಗಲ್ಲ. ಅಲ್ಲಿನ ಮರದ ನೆಲದಲ್ಲಿ, ಸ್ಟೂಲಿನ ಎದುರಿಗೆ, ಎರಡು ಪಾದ ಹಿಡಿಸುವಷ್ಟು ಜಾಗ ಸವೆದು ತಗ್ಗಾಗಿತ್ತು. ಮೊದಲು ಮಾವ ನಿಂತು, ಅವರು ಹೋದ ಮೇಲೆ ಅತ್ತೆ ನಿಂತು ಆದ ತಗ್ಗು. ಅಲ್ಲಿ ನಿಂತರೆ ಕೂತವರು ಕೈಚಾಚಿದರೆ ಸಿಗುವಷ್ಟು ಹತ್ತಿರ. ಅಲ್ಲಿಂದ ಅತ್ತೆ, ಕ್ಯಾಮೆರಾದ ಹಿಂದೆ ಮುಖ ಇಟ್ಟುಕೊಂಡೇ, ಪಿಸುಮಾತಿನಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದರು: "ನಿಮ್ಮ ಮನೇಲಿ ಮೊದಲು ಏಳೋದು ಯಾರು?" ಅಷ್ಟೇ. ಯಾರೇ ಆಗಲಿ, ಉತ್ತರ ಹೇಳುವ ಮೊದಲು ಒಂದು ಗಳಿಗೆ ತಮ್ಮ ಮನೆಯ ಬೆಳಗಿನೊಳಗೆ ಹೋಗಿ ಬರುತ್ತಿದ್ದರು. ಆ ಗಳಿಗೆಯಲ್ಲಿ ಅತ್ತೆಯ ಬೆರಳು ಒತ್ತುತ್ತಿತ್ತು. ಗೋಡೆಯ ಮೇಲಿನ ಹಳೆಯ ಚಿತ್ರಗಳ ಮುಖಗಳೆಲ್ಲ ಹಾಗೆ, ಆಗತಾನೆ ಏನೋ ಕೇಳಿಸಿಕೊಂಡವರಂತೆ ಇದ್ದವು.

ಡಿಜಿಟಲ್ ಬಂದ ಮೇಲೆ ಅದು ನಿಂತಿತು. ಆ ತಗ್ಗಿನಲ್ಲಿ ನಿಂತರೆ ಬರೀ ಮೂಗು ಕಣ್ಣು ತುಂಬಿಕೊಳ್ಳುತ್ತದೆ, ಹೆಗಲೇ ಬರುವುದಿಲ್ಲ ಎಂದು ಅತ್ತೆ ಹಿಂದೆ ಸರಿದರು. ಸರಿಯುತ್ತ ಸರಿಯುತ್ತ ಬೀರುವಿಗೆ ಬೆನ್ನು ತಾಗಿತು. ಅಷ್ಟು ದೂರದಿಂದ ಪಿಸುಗುಟ್ಟಿದರೆ ಯಾರಿಗೆ ಕೇಳಿಸಬೇಕು? ಏರಿಸಿದ ದನಿಯಲ್ಲಿ ಅದೇ ಪ್ರಶ್ನೆ ಜನಗಣತಿಯವರು ಬಾಗಿಲಲ್ಲಿ ನಿಂತು ಕೇಳಿದ ಹಾಗಿರುತ್ತಿತ್ತು. ಜನ ಬೆನ್ನು ನೆಟ್ಟಗೆ ಮಾಡಿ ಉತ್ತರ ಕೊಡುತ್ತಿದ್ದರು. ಹೋದ ಸಲ ಬೇಕರಿಯ ಒಡತಿ ತನ್ನ ಚಿತ್ರ ನೋಡಿ, "ಇದೇನು ಸ್ಟುಡಿಯೋ ಅಮ್ಮ, ಬನ್ನು ಕದ್ದು ಸಿಕ್ಕಿಬಿದ್ದವಳ ಥರ ಇದೀನಿ" ಎಂದಿದ್ದಳು. ಅತ್ತೆ ಅವಳ ಜೊತೆಗೇ ನಕ್ಕಿದ್ದರು. ಸಂಜೆ ಮಾತ್ರ ಊಟ ಬೇಡ ಎಂದು ಬೇಗ ಮಲಗಿದ್ದರು.

ಅಳತೆ ತಪ್ಪಿದೆ.

ಕನ್ನಡಕದ ಅಂಗಡಿಯಲ್ಲಿ ಅವಳು ಇಂಥವರನ್ನು ಬೇಕಾದಷ್ಟು ಕಂಡಿದ್ದಳು. ಗಾಜು ಚೌಕಟ್ಟಿನಲ್ಲಿ ಒಂದಿಷ್ಟು ತಿರುಚಿ ಕೂತಿದ್ದರೂ, ಹಾಕಿಕೊಂಡವರು ಅಂಗಡಿಯ ತಪ್ಪೆನ್ನದೆ 'ನನ್ನ ಕಣ್ಣೇ ಕೆಟ್ಟಿತು ಅಂತ ಕಾಣುತ್ತೆ' ಎಂದುಕೊಂಡು ವರ್ಷಗಟ್ಟಲೆ ಎಡವಿಕೊಂಡು ಓಡಾಡುತ್ತಿದ್ದರು. ಹೊಸ ವಸ್ತುವಿನ ಮೇಲೆ ಜನಕ್ಕೆ ಅದೆಂಥ ನಂಬಿಕೆ, ತಮ್ಮ ಮೇಲೆ ಅದೆಂಥ ಅಪನಂಬಿಕೆ!

ಅವಳು ಮತ್ತೆ ಎಳೆಯ ಕಡೆ ನೋಡಿದಳು. ಅಲ್ಲಿದೆ, ಆದರೆ ಚಿತ್ರದಲ್ಲಿಲ್ಲ. ಅಂದರೆ ಆ ಅಂಚಿಗೆ ಏನು ಬಿದ್ದರೂ ಚಿತ್ರದಲ್ಲಿ ಬರುವುದಿಲ್ಲವೇ? ಮನೆಯೊಂದರಲ್ಲಿ ಬೀಗ ಹಾಕಿಟ್ಟ ಕೋಣೆಯ ಹಾಗೆ? ಪ್ರಿಂಟು ಹಾಕುವವನು ಒಮ್ಮೆ ಹೇಳಿದ ಮಾತು ನೆನಪಾಯಿತು. ಇಬ್ಬರ ಕಾರ್ಡುಗಳನ್ನೂ ಕಂಪ್ಯೂಟರಿಗೆ ಹಾಕಿದವನು, "ಏನಮ್ಮ, ನಿಮ್ಮ ಅತ್ತೆ ಕ್ಯಾಮೆರಾ ಆನೆ ಗಾತ್ರ, ಫೈಲು ಮಾತ್ರ ನಿಮ್ಮದಕ್ಕಿಂತ ಚಿಕ್ಕದು" ಎಂದಿದ್ದ. ಅವಳು ಅದನ್ನು ಅತ್ತೆಗೆ ಹೇಳಿದಾಗ ಅತ್ತೆ, "ದೊಡ್ಡವರು ಕಡಿಮೆ ಮಾತಾಡ್ತಾರೆ" ಎಂದು ಮುಗಿಸಿಬಿಟ್ಟಿದ್ದರು. ಆಗ ಇಬ್ಬರೂ ನಕ್ಕಿದ್ದರು.

ಈಗ ನಗು ಬರಲಿಲ್ಲ. ಕುತೂಹಲ ಹುಳದಂತೆ ತಲೆಯೊಳಗೆ ಹರಿಯತೊಡಗಿತು.

ಅತ್ತೆಯ ಕ್ಯಾಮೆರಾದ ಮೆನುವನ್ನು ಅವಳು ಎಂದೂ ತೆರೆದವಳಲ್ಲ. ಒರೆಸಲು ಬೇಕಾದ ಒಂದು ಗುಂಡಿ ಮಾತ್ರ ಗೊತ್ತಿತ್ತು. ಈಗ ಒಂದೊಂದೇ ಪುಟ ದಾಟಿದಳು. ಗಡಿಯಾರ, ಭಾಷೆ, ಬೀಪ್ ಸದ್ದು. ಅರ್ಥವಾಗದ ಹತ್ತಾರು ಹೆಸರು. ಎಲ್ಲೋ ಮೂರನೆಯದೋ ನಾಲ್ಕನೆಯದೋ ಪುಟದಲ್ಲಿ ಒಂದು ಪುಟ್ಟ ಚಿತ್ರವಿತ್ತು: ದೊಡ್ಡ ಚೌಕದ ನಡುವೆ ಒಂದು ಸಣ್ಣ ಚೌಕ. ಅದರ ಎದುರಿಗೆ 'ಆನ್'.

ದೊಡ್ಡ ಚೌಕದೊಳಗೆ ಸಣ್ಣ ಚೌಕ. ಅವಳು ಅದನ್ನೇ ದಿಟ್ಟಿಸಿದಳು. ಆಮೇಲೆ ಅದನ್ನು 'ಆಫ್' ಮಾಡಿದಳು.

ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟವಳು ಬೆಚ್ಚಿ ಹಿಂದಕ್ಕೆ ಸರಿದಳು. ಗೋಡೆ ದೂರ ಓಡಿಹೋದಂತಾಗಿತ್ತು. ಅಷ್ಟು ಹೊತ್ತು ಬರೀ ಗೋಡೆ ಇದ್ದ ಕಡೆ ಈಗ ಕ್ಯಾಲೆಂಡರಿನ ಅಂಚು, ಕಿಟಕಿಯ ಕಂಬಿ, ಮೇಜಿನ ಮೂಲೆ ಎಲ್ಲ ಬಂದು ನಿಂತಿದ್ದವು. ಫೋಟೊ ತೆಗೆದಳು. ಮೇಲಿನ ಮೂಲೆಯಲ್ಲಿ, ರೆಪ್ಪೆಗೂದಲಿನಂತೆ ಬಾಗಿಕೊಂಡು, ಕಪ್ಪಗೆ, ಅದೇ ಎಳೆ.

"ಬಂದ್ಯಾ" ಎಂದಳು ಅವಳು.

ಒಗಟು ಬಿಡಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕ್ಯಾಮೆರಾ ಬಂದ ದಿನ ಅದರ ಜೊತೆಗೆ ಅಂಗಡಿಯವನು ಕೊಟ್ಟಿದ್ದ ಲೆನ್ಸು ಸಣ್ಣ ಕ್ಯಾಮೆರಾಗಳ ಜಾತಿಯದು. ಅದು ಚೆಲ್ಲುವ ಬೆಳಕಿನ ವೃತ್ತ ದೊಡ್ಡ ಸೆನ್ಸರಿಗೆ ಸಾಲದೆ ಚಿತ್ರದ ನಾಲ್ಕೂ ಮೂಲೆ ಕಪ್ಪಾಗಿ, ಕೊಳವೆಯೊಳಗಿಂದ ನೋಡಿದ ಹಾಗೆ ಬಂದಿತ್ತು. ಅತ್ತೆ ಕೂಗಾಡಿದ್ದರು. ಅಂಗಡಿಯವನು ಓಡಿಬಂದು ಏನೋ ಒತ್ತಿ, "ಸರಿಹೋಯ್ತಮ್ಮ" ಎಂದು ಹೋಗಿದ್ದ. ಸರಿಯೇ, ನಡುವಿನ ತುಂಡನ್ನಷ್ಟೇ ತೆಗೆದುಕೊ ಎಂದು ಕ್ಯಾಮೆರಾಕ್ಕೆ ಹೇಳಿ ಹೋಗಿದ್ದ. ತಿಂಗಳೊಳಗೆ ಅತ್ತೆ ಆ ಲೆನ್ಸನ್ನು ಕಿತ್ತು ಪೆಟ್ಟಿಗೆಗೆ ಎಸೆದು, ಬೇರೆ ಲೆನ್ಸು ಕೂರಿಸುವ ಲೋಹದ ಬಳೆಯೊಂದನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ, ಮಾವನ ಹಳೆಯ ಲೆನ್ಸು ಹಾಕಿಕೊಂಡರು. ಹಳೆಯ ಲೆನ್ಸು ಮೂಗ. ನಾನು ಪೂರ್ತಿ ಅಗಲ ತುಂಬಬಲ್ಲೆ ಎಂದು ಕ್ಯಾಮೆರಾಕ್ಕೆ ಹೇಳಲು ಅದಕ್ಕೆ ಬಾಯಿಲ್ಲ. ಅಂಗಡಿಯವನು ಒತ್ತಿದ್ದು ಒತ್ತಿದಂತೇ ಉಳಿದುಬಿಟ್ಟಿತು.

ಇಷ್ಟು ವರ್ಷ ಅತ್ತೆ ತೆಗೆದದ್ದೆಲ್ಲ ತುಂಡು ಕಣ್ಣಿನಲ್ಲೇ. ಒಡವೆಯ ಪೆಟ್ಟಿಗೆ ತಲೆಯ ಮೇಲೆ ಹೊತ್ತುಕೊಂಡು ಬರಿಗೊರಳಲ್ಲಿ ನಡೆದವರ ಹಾಗೆ. ಒಂದು ಕ್ಷಣ ಅವಳಿಗೆ ಒಳಗೊಳಗೇ ಒಂದು ತುಂಟ ಸಂತೋಷ ಉಕ್ಕಿತು: 'ನಿಂದು ತುಂಡು, ನಂದು ಪೂರ್ತಿ' ಎಂದು ಎಷ್ಟು ಸಲ ಅನ್ನಿಸಿಕೊಂಡಿರಲಿಲ್ಲ ಅವಳು! ಮರುಕ್ಷಣ ಬೀರುವಿಗೆ ತಾಗಿದ ಆ ಬೆನ್ನು ಕಣ್ಣೆದುರು ಬಂತು. ಹಾಗಾದರೆ ನೆಲವೇ ಡೊಂಕಾಗಿತ್ತಲ್ಲ.

ಮಧ್ಯಾಹ್ನ ಗಂಡ ಊಟಕ್ಕೆ ಬಂದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗುತ್ತಿರಲಿಲ್ಲ. ಅತ್ತೆ ಹೊರಗೆ ಹೋಗಿದ್ದರು.

"ರೀ, ಊಟ ಆಮೇಲೆ. ಇಲ್ಲಿ ಬನ್ನಿ ಸ್ವಲ್ಪ. ಒಳಗೆ ಸ್ಟೂಲಿನ ಮೇಲೆ ಕೂತ್ಕೊಳ್ಳಿ."

"ಯಾಕೆ? ಎಲ್ಲಾದ್ರೂ ಅರ್ಜಿ ಹಾಕ್ತಿದೀಯಾ ನನ್ನ ಹೆಸರಲ್ಲಿ?"

"ಬಾಯ್ಮುಚ್ಕೊಂಡು ಕೂತ್ಕೊಳ್ಳಿ."

"ಅಮ್ಮನ ಕ್ಯಾಮೆರಾ ಮುಟ್ಟಿದೀಯ! ಮನೇಲಿ ಇವತ್ತು ಯುದ್ಧ" ಎಂದು ಅವನು ಖುಷಿಯಿಂದಲೇ ಕೂತ.

ಅವಳು ನೆಲದ ತಗ್ಗಿನಲ್ಲಿ ಪಾದ ಇಟ್ಟಳು. ತನ್ನ ಪಾದಕ್ಕೆ ಅದು ದೊಡ್ಡದು. ಕಿಂಡಿಯಲ್ಲಿ ನೋಡಿದಳು. ತಲೆ, ಹೆಗಲು, ತಲೆಯ ಮೇಲೊಂದಿಷ್ಟು ಖಾಲಿ ಜಾಗ, ಎಲ್ಲ ಅಳೆದಿಟ್ಟಂತೆ ಕೂತಿದ್ದವು. ಗೋಡೆಯ ಮೇಲಿನ ಹಳೆಯ ಚಿತ್ರಗಳ ಹಾಗೆಯೇ. ಅಬ್ಬಾ, ಅತ್ತೆಯ ಕಾಲು ಎಷ್ಟು ಸರಿಯಾಗಿ ಹೇಳಿತ್ತು!

ಆದರೆ ಎಷ್ಟು ಹತ್ತಿರ. ಗಂಡನ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತಿತ್ತು. ಅದು ಅಲ್ಲಿರುವುದು ಅವಳಿಗೆ ಮರೆತೇಹೋಗಿತ್ತು. ಕಿವಿಯ ಹತ್ತಿರ ಕೂದಲು ಯಾವಾಗ ಬೆಳ್ಳಗಾಯಿತು? ತಟ್ಟೆ ಇಡುವಾಗ, ಅಂಗಿ ಮಡಿಸುವಾಗ, ಮಲಗುವಾಗ ಇದಕ್ಕಿಂತ ಹತ್ತಿರವೇ ಇರುತ್ತಾನೆ. ಆದರೂ ಈ ದೂರದಿಂದ ನೋಡಿ ಯಾವ ಕಾಲವಾಗಿತ್ತೋ. ಅವನು ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟ, ತೆಗೆದ.

"ಏನೇ, ಹಾಗೆ ನೋಡ್ತಾ ಇದೀಯ?"

ಏನಾದರೂ ಹೇಳಬೇಕಿತ್ತು. ಅಷ್ಟು ಹತ್ತಿರ ನಿಂತವರು ಸುಮ್ಮನಿರಲು ಆಗುವುದಿಲ್ಲ ಎಂದು ಅವಳಿಗೆ ಆಗ ತಿಳಿಯಿತು. ಬಾಯಿಗೆ ಬಂದದ್ದು ಅತ್ತೆಯ ಮಾತೇ. ಪಿಸುಗುಟ್ಟಿದಳು: "ನಮ್ಮನೇಲಿ ಮೊದಲು ಏಳೋದು ಯಾರು?"

"ನೀನು" ಎಂದ ಥಟ್ಟನೆ. ಆಮೇಲೆ, ನಿಧಾನಕ್ಕೆ, "ನೀನು ಎದ್ದು ಹೋದ ಮೇಲೆ ನಿನ್ನ ಕಡೆ ಹಾಸಿಗೆ ಬೆಚ್ಚಗಿರುತ್ತಲ್ಲ... ನಾನು ಆ ಕಡೆ ಉರುಳ್ಕೊಂಡು ಇನ್ನೊಂದು ಗಳಿಗೆ ಮಲಗ್ತೀನಿ. ನಿಂಗೆ ಗೊತ್ತಿಲ್ಲ ಅದು" ಎಂದ.

ಅವಳ ಬೆರಳು ಒತ್ತಿತು. ಪರದೆಯ ಮೇಲೆ ಬಂದ ಮುಖವನ್ನು ಅವಳು ಅವನಿಗೆ ತೋರಿಸಲಿಲ್ಲ. "ಸರಿ ಬಂದಿಲ್ಲ. ಊಟಕ್ಕೆ ಏಳಿ" ಎಂದಳು.

"ಇಷ್ಟು ಕಷ್ಟಪಟ್ಟು ಮನಸ್ಸು ಬಿಚ್ಚಿ ಮಾತಾಡಿದ್ದು ವ್ಯರ್ಥ" ಎಂದು ಗೊಣಗುತ್ತ ಅವನು ಕೈತೊಳೆಯಲು ಹೋದ.

ಅವನು ಡಿಪೋಗೆ ಹೋದ ಮೇಲೂ ಅವಳು ಆ ಚಿತ್ರವನ್ನು ಮತ್ತೆ ಮತ್ತೆ ತೆರೆದು ನೋಡಿದಳು. ತಾನು ಇಷ್ಟು ವರ್ಷ ತೆಗೆದ ಸಾವಿರಾರು ಮುಖಗಳಲ್ಲಿ ಇಂಥದ್ದೊಂದು ಇಲ್ಲ. ಇಂಥದ್ದು ತನ್ನ ಕೈಯಲ್ಲೂ ಆಗುತ್ತದೆ. ನಾಳೆಯಿಂದ ಆ ಕೋಣೆ ಅವಳದು. ಕೇಳದೆ, ಜಗಳವಾಡದೆ ಬಂದದ್ದು. ಏನೂ ಮಾಡಬೇಕಾಗಿಲ್ಲ. ಆ ಪುಟ್ಟ ಚೌಕವನ್ನು ಮತ್ತೆ 'ಆನ್' ಮಾಡಿ ಇಟ್ಟುಬಿಟ್ಟರಾಯಿತು. ಅತ್ತೆ ನಾಳೆ ಕೊನೆಯ ಸಲ ಬೀರುವಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ನಾಡಿದ್ದು ಅವಳು 'ಆಫ್' ಮಾಡಿಕೊಂಡು ತಗ್ಗಿನಲ್ಲಿ ನಿಲ್ಲುತ್ತಾಳೆ. ಸೊಸೆಗೆ ಅಳತೆ ಸಿಕ್ಕಿತು ಎಂದು ಅತ್ತೆಯೇ ಬೀದಿಗೆಲ್ಲ ಹೇಳಿಕೊಂಡು ಬರುತ್ತಾರೆ. ಸುಳ್ಳೂ ಅಲ್ಲ ಅದು.

ಚೌಕವನ್ನು 'ಆನ್' ಮಾಡಿಟ್ಟಳು. ಕ್ಯಾಮೆರಾ ಹೇಗಿತ್ತೋ ಹಾಗೆ. ಗಂಡನ ಚಿತ್ರವನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡು ಕಾರ್ಡಿನಿಂದ ಅಳಿಸಿದಳು.

ಸಂಜೆ ಬೆಳಕು ಇನ್ನೂ ಇರುವಾಗ ಅತ್ತೆ ಬಂದರು. ಹಲ್ಲಿನ ಮದ್ದಿಗೆ ಅರ್ಧ ಬಾಯಿ ಮರಗಟ್ಟಿ ಮಾತು ತೊದಲುತ್ತಿತ್ತು. ಅದೇ ಬಾಯಲ್ಲೇ ನಕ್ಕು, "ನೋಡು, ಈಗ ನಾನೂ ಬನ್ನು ಕದ್ದವಳ ಥರ ಇದೀನಿ" ಎಂದರು. ಕಾಫಿ ಬೇಡವೆಂದು ನೇರ ಒಳಕೋಣೆಗೆ ಹೋದರು. ಅವಳು ಪರದೆಯ ಸಂದಿಯಲ್ಲಿ ನೋಡಿದಳು.

ಅತ್ತೆ ಕೋಣೆಯನ್ನು ಅವಳಿಗಾಗಿ ಅಣಿಮಾಡುತ್ತಿದ್ದರು. ಬೀರುವಿನಿಂದ ತಮ್ಮ ಸಾಮಾನು ತೆಗೆದು ಬುಟ್ಟಿಗೆ ತುಂಬಿದರು: ಬಾಚಣಿಗೆ, ಕೈಗನ್ನಡಿ, ಮಾವನ ಹಳೆಯ ಬೆಳಕು ಅಳೆಯುವ ಮೀಟರು. ಆಮೇಲೆ ಒಂದು ಹಳೆಯ ಜಮಖಾನೆಯ ತುಂಡು ತಂದು ನೆಲದ ತಗ್ಗಿನ ಮೇಲೆ ಹಾಸಿ, ಮೂಲೆಗಳನ್ನು ಅಂಗೈಯಲ್ಲಿ ಸವರಿ ಸವರಿ ಸರಿಮಾಡಿದರು.

"ಅದ್ಯಾಕೆ ಅತ್ತೆ?"

"ಹೂಂ? ನೀನಾ." ಅತ್ತೆ ತಿರುಗಲಿಲ್ಲ. "ನಿನ್ನ ಕಾಲಿಗೆ ತಗ್ಗು ಸಿಕ್ಕಿ ಎಡವೀಯ ಅಂತ. ಯಾರದ್ದೋ ಹಳೇ ಗುಂಡಿ, ನಿಂಗ್ಯಾಕೆ."

ಅವಳು ಹೊರಕೋಣೆಗೆ ಬಂದು ಮೇಜಿನ ಮುಂದೆ ಕೂತಳು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಹೇಳಿಬಿಡಬಹುದು. 'ಅತ್ತೆ, ತಪ್ಪು ನಿಮ್ಮದಲ್ಲ, ಇದರದ್ದು' ಎಂದು ಆ ಚೌಕ ತೋರಿಸಬಹುದು. ಆಗ ಅತ್ತೆಗೆ ಅಳತೆ ಸಿಗುತ್ತದೆ. ಜೊತೆಗೆ ಇಷ್ಟು ವರ್ಷ ಒಂದು ಗುಂಡಿಗೆ ಸೋತೆ ಎಂಬುದೂ ಸಿಗುತ್ತದೆ. 'ತುಂಡು ಕಣ್ಣು' ಎಂದ ಒಂದೊಂದು ಸಲವೂ ನೆನಪಾಗಿ ಸೊಸೆಯ ಮುಖ ನೋಡಲಾಗದೆ ಹೋಗುತ್ತದೆ.

ಕ್ಯಾಮೆರಾ ಎಳೆದುಕೊಂಡಳು. ಮೆನು ತೆರೆದು, ಆ ಪುಟ ಹುಡುಕಿ, 'ಆಫ್' ಮಾಡಿದಳು. ಲೆನ್ಸು ಬಿಚ್ಚಿದಳು. ಹೊಸ ಕಡ್ಡಿ ತೆಗೆದು ಎರಡು ಹನಿ ಬಿಟ್ಟಳು. ಇನ್ನು ಮೇಲೆ ಅಂಚೂ ಕಾಣುವ ಜಾಗ. ಉಸಿರು ಬಿಗಿಹಿಡಿದು, ಮೂಲೆಯ ಆ ಎಳೆಯನ್ನು ಒಂದೇ ಎಳೆತಕ್ಕೆ ಎತ್ತಿದಳು.

ಮರುದಿನ ಬೇಕರಿಯ ಒಡತಿ ಹಿಟ್ಟಿನ ವಾಸನೆಯೊಂದಿಗೆ ಬಂದಳು. "ಈ ಸಲವಾದ್ರೂ ನನ್ನನ್ನ ಜೈಲಿಗೆ ಹಾಕ್ಬೇಡಿ ಸ್ಟುಡಿಯೋ ಅಮ್ಮ" ಎನ್ನುತ್ತ ಒಳಗೆ ಹೋದಳು. ಅತ್ತೆ ಕ್ಯಾಮೆರಾ ಎತ್ತಿಕೊಂಡು ಹಿಂಬಾಲಿಸಿದರು. ಅವಳು ಹೊರಗಡೆ ಗುಂಡಿಗಳ ತಟ್ಟೆ ಜೋಡಿಸುತ್ತ ಕಿವಿಯನ್ನು ಪರದೆಯ ಮೇಲಿಟ್ಟಿದ್ದಳು.

ಬೀರು ಕಿರ್ ಎಂದಿತು. ಅತ್ತೆಯ ಬೆನ್ನು ತಾಗಿತು. ಹಲಗೆಯ ಮೇಲೆ ಒಂದು ಹೆಜ್ಜೆ. ತಡೆದು, ಇನ್ನೊಂದು ಹೆಜ್ಜೆ.

"ಏನಮ್ಮ, ನನ್ನ ಮೇಲೇ ಬರ್ತಾ ಇದೀರ?" ಎಂದು ಬೇಕರಿಯವಳು ನಕ್ಕಳು.

"ಸುಮ್ನಿರು ಒಂದು ನಿಮಿಷ."

ಜಮಖಾನೆಯನ್ನು ಕಾಲಿನಿಂದ ಒತ್ತಟ್ಟಿಗೆ ತಳ್ಳಿದ ಸದ್ದು ಬಂತು. ಆಮೇಲೆ ಏನೂ ಕೇಳಿಸಲಿಲ್ಲ. ಕೇಳಿಸದಷ್ಟು ಸಣ್ಣದಾಗಿ ಒಳಗೆ ಯಾರೋ ಏನೋ ಕೇಳುತ್ತಿದ್ದರು, ಯಾರೋ ತಡೆದು ತಡೆದು ಉತ್ತರ ಹೇಳುತ್ತಿದ್ದರು.

ಆ ಹೊತ್ತಿಗೆ ಅಂಗಡಿಯವನು ಬಂದ. ಬೆವರು ಒರೆಸಿಕೊಳ್ಳುತ್ತ, ಕಂಕುಳಲ್ಲಿ ದೀಪದ ಪೆಟ್ಟಿಗೆ.

"ಏನಮ್ಮ, ಸಣ್ಣ ಕ್ಯಾಮೆರಾ ಕೊಡ್ತೀರಂತಲ್ಲ?"

"ಷ್! ಒಳಗೆ ಫೋಟೊ ತೆಗೀತಿದಾರೆ."

ಅವನು ದನಿ ಇಳಿಸಿದ. "ದೊಡ್ಡದು ಹೇಗೆ ನಡೀತಿದೆ? ಬಂದ ದಿನ ನಾನೇ ಸೆಟ್ ಮಾಡಿ ಕೊಟ್ಟಿದ್ದು. ಆಮೇಲೆ ಒಂದು ದಿನಾನೂ ಕರೆದಿಲ್ಲ ನೀವು. ಏನೂ ತೊಂದ್ರೆ ಇಲ್ವಲ್ಲ?"

ಅವಳು ಅವನ ಮುಖ ನೋಡಿದಳು. "ಏನೂ ಇಲ್ಲ" ಎಂದಳು.

ಪರದೆಯ ಆಚೆ ಬೇಕರಿಯವಳು ಮೆಲ್ಲಗೆ ಮೂಗು ಒರೆಸಿಕೊಂಡದ್ದು ಕೇಳಿಸಿತು. ಮತ್ತೆ ಪಿಸುಮಾತು.

"ಸ್ವಲ್ಪ ಕೂತಿರಿ" ಎಂದು ಅವಳು ಅರ್ಜಿಯವರ ಸ್ಟೂಲು ತೋರಿಸಿದಳು. "ನಿಮ್ಮದೊಂದು ಫೋಟೊ ತೆಗೀತೀನಿ."

"ನಂದಾ? ಮೂವತ್ತು ವರ್ಷದಿಂದ ಕ್ಯಾಮೆರಾ ಮಾರ್ತಿದೀನಿ, ನನ್ನನ್ನ ಯಾರೂ ಕೂರಿಸಿಲ್ಲ" ಎಂದು ಅವನು ಸಂಕೋಚದಿಂದ ಕೂತ. ಕೂತವನು ಬೆನ್ನು ನೆಟ್ಟಗೆ ಮಾಡಿ ಉಸಿರು ಹಿಡಿದ.

ಅವಳು ಸಣ್ಣ ಕ್ಯಾಮೆರಾ ಕೈಗೆತ್ತಿಕೊಂಡಳು. ಅದರ ಲೆನ್ಸಿನ ಬಳೆಯನ್ನು ತಾನು ಯಾವಾಗಲೂ ನಿಲ್ಲಿಸುವ ಗುರುತಿನಿಂದ ತಿರುಗಿಸಿ ಅಗಲದ ಕಡೆಗೆ ತಂದಳು. ಕಿಂಡಿಯಲ್ಲಿ ಅವನು ಚಿಕ್ಕವನಾಗಿ ದೂರ ಸರಿದ. ಅವಳು ಮುಂದೆ ಬಂದಳು. ಇನ್ನೂ ಒಂದಿಷ್ಟು. ತಲೆ, ಹೆಗಲು, ಮೇಲೊಂದಿಷ್ಟು ಖಾಲಿ ಜಾಗ. ಅವನ ಕನ್ನಡಕದ ಒಂದು ಗಾಜು ಚೂರು ತಿರುಚಿ ಕೂತಿರುವುದು ಕಾಣುವಷ್ಟು ಹತ್ತಿರ.

ಇವನನ್ನು ಏನು ಕೇಳುವುದು? ಅತ್ತೆಯ ಪ್ರಶ್ನೆ ಪರದೆಯ ಆಚೆ ಬಳಕೆಯಲ್ಲಿತ್ತು.

"ಚಿಕ್ಕವರಿದ್ದಾಗ" ಎಂದು ಅವಳು ಪಿಸುಗುಟ್ಟಿದಳು, "ಎಲ್ಲಾದ್ರೂ ದಾರಿ ತಪ್ಪಿ ಹೋಗಿದ್ರಾ?"

ಅವನ ನೆಟ್ಟಗಿದ್ದ ಬೆನ್ನು ಮೆಲ್ಲಗೆ ಇಳಿಯಿತು. ದೃಷ್ಟಿ ಅವಳ ಹೆಗಲಿನಾಚೆ, ಬೀದಿಯಾಚೆ, ಎಲ್ಲಿಗೋ ಹೊರಟಿತು. ಅವಳು ಬೆರಳನ್ನು ಗುಂಡಿಯ ಮೇಲಿಟ್ಟು ಕಾಯುತ್ತ ನಿಂತಳು. ಪಕ್ಕದ ಮೇಜಿನ ಮೇಲೆ, ಅವನು ತಂದಿದ್ದ ದೀಪದ ಪೆಟ್ಟಿಗೆಯ ಹಗ್ಗ ಬಿಚ್ಚದೆ ಹಾಗೆಯೇ ಇತ್ತು.